ಬೋರ್ಡಿನ ಮೇಲಿದ್ದ ಸಮುದ್ರ

ಕೆಲವರ ಮನೆಗೆ ಹೇಳದೆ ಕೇಳದೆ ಹಾವು ಬರುತ್ತದೆ, ಕೆಲವರ ಮನೆಗೆ ನೆಂಟರು ಬರುತ್ತಾರೆ. ನನ್ನ ಪಾಲಿಗೆ ಬರುವುದು ಇಂಥ ಪ್ರಸಂಗಗಳು. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಆ ಹಳೇ ಮೆಟಡೋರ್ ವ್ಯಾನು ಎರಡು ಸಲ ಹಾರನ್ ಹೊಡೆದರೆ ಸಾಕು, ಸಂಜೆಯೊಳಗೆ ಏನಾದರೊಂದು ಆಗಿಯೇ ತೀರುತ್ತದೆ.

೧. ಗೈಡ್ ಸಹಿತ

ನಾನು ಕ್ಯಾತನಹಳ್ಳಿಯ ಸೊಸೆ. ದಿನಾ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ನಾನು ಮೈಸೂರಿನಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದವಳು ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಅನ್ನುವುದೂ ಗೊತ್ತಿತ್ತು.

ಉಪಯೋಗ ಕಂಡುಹಿಡಿದವನು ನಮ್ಮ ಊರಿನ ಡ್ರೈವರ್. ಮೊದಲು ಕೇರಳಕ್ಕೆ ತರಕಾರಿ ಲೋಡು ಹೊಡೆಯುತ್ತಿದ್ದವನು ಆ ಕೆಲಸ ಬಿಟ್ಟು ಹನ್ನೆರಡು ಸೀಟಿನ ಮೆಟಡೋರ್ ತಂದಿದ್ದ. ಒಂದು ದಿನ ಅದರ ನೆತ್ತಿಯ ಮೇಲೆ ಬೋರ್ಡು ಏರಿಸಿಕೊಂಡು ನಮ್ಮ ಮನೆ ಮುಂದೆ ನಿಲ್ಲಿಸಿದ. ಎಡಕ್ಕೆ ಅರಮನೆಯ ಚಿತ್ರ, ಬಲಕ್ಕೆ ನೀಲಿ ಅಲೆ, ನಡುವೆ ಒಂದು ತೆಂಗಿನ ಮರ. ಕೆಳಗೆ ಬರಹ: 'ಅರಮನೆಗಳು ಮತ್ತು ಸಮುದ್ರ ತೀರ. ಒಂದೇ ದಿನದಲ್ಲಿ. ಪ್ರೈವೇಟ್ ಟ್ರಿಪ್. ಗೈಡ್ ಸಹಿತ.'

"ಚೆನ್ನಾಗಿದೆ ಕಣಪ್ಪ. ಗೈಡ್ ಯಾರು?" ಅಂದೆ.

"ನೀವೇ ಮೇಡಮ್ನೋರೆ."

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳ್ಬೋದಿತ್ತು. ಆದ್ರೆ ಪೈಂಟು ಒಣಗೋಯ್ತು."

ಮೊದಲ ಗಿರಾಕಿ ಕೆ.ಆರ್. ಪೇಟೆ ಕಡೆಯ ಒಂದು ಮದುವೆ ಮನೆ. ಹೊಸ ಮದುಮಕ್ಕಳಿಗೆ ಅರಮನೆ, ಸಮುದ್ರ ತೋರಿಸಬೇಕು, ಪ್ರೈವೇಟಾಗಿರಲಿ ಎಂದು ಹೆಣ್ಣಿನ ತಂದೆ ಒತ್ತಿ ಒತ್ತಿ ಹೇಳಿದ್ದರಂತೆ. ನಾವು ಹೋಗಿ ನಿಂತಾಗ ಮೊದಲು ಹತ್ತಿ ಕೂತವರು ಹುಡುಗನ ಅಜ್ಜಿ. ಹೊಸ ಹೆಣ್ಣು ಹೊಳೆ ದಾಟುವಾಗ ಹಿರಿಯರು ಜೊತೆಗಿರಬೇಕಂತೆ. ಅಜ್ಜಿಯ ಕೈ ಹಿಡಿಯಲು ಸೋದರತ್ತೆ ಹತ್ತಿದರು. ಸೋದರತ್ತೆ ಹೋದರೆ ಚಿಕ್ಕಮ್ಮ ಬಿಡುತ್ತಾರೆಯೇ? ಚಿಕ್ಕಮ್ಮನ ಮಕ್ಕಳು, ಪುಳಿಯೋಗರೆಯ ಪಾತ್ರೆ, ಪಾತ್ರೆ ಹಿಡಿದುಕೊಳ್ಳಲು ಇಬ್ಬರು. ಹನ್ನೆರಡು ಸೀಟೂ ಭರ್ತಿಯಾಗಿ ಬಾಗಿಲು ಎಳೆದಾಗ ಹೊರಗೆ ಉಳಿದವರು ಇಬ್ಬರೇ, ಮದುಮಗ ಮತ್ತು ಮದುಮಗಳು.

"ನೀವು ಓಗ್ಬನ್ನಿ, ನಾವು ಮನೆ ನೋಡ್ಕತೀವಿ" ಎಂದ ಹುಡುಗ. ಅವನ ಮುಖದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮೈಸೂರಿನ ಅರಮನೆ ಬಾಗಿಲಲ್ಲಿ ಅಜ್ಜಿ ಸೂರ್ಯನನ್ನು ನೋಡಿ, "ಹಾಲು ಕರೆಯೋ ಹೊತ್ತಾಯ್ತಲ್ಲಾ!" ಎಂದರು. ಅಷ್ಟೆ. ಸಮುದ್ರ ಅಲ್ಲಿಗೇ ರದ್ದಾಗಿ ವ್ಯಾನು ಊರಿಗೆ ತಿರುಗಿತು. ಸಂಜೆ ಹೋಗಿ ಕದ ತಟ್ಟಿದರೆ ಎಷ್ಟೋ ಹೊತ್ತಿನ ಮೇಲೆ ಹುಡುಗ ಬಂದು ಕದ ತೆಗೆದ. ಮುಖ ಈಗ ನಿಜವಾಗಿಯೂ ಸಪ್ಪಗಾಯಿತು.

"ಇಷ್ಟು ಬಿರ್ರನೆ ಬಂದ್ಬುಟ್ರಾ? ಸಮುದ್ರ ನೋಡ್ಲೇ ಇಲ್ವಾ?"

೨. ಬೆರಳಿನಿಂದ ನೋಡಿದವರು

ಇನ್ನೊಮ್ಮೆ ನಾಗಮಂಗಲದಿಂದ ಒಂದು ಕುಟುಂಬ ಬಂತು. ಯಜಮಾನರು ಕಂಚು ಹಿತ್ತಾಳೆ ಕೆಲಸದವರು, ಹಳಬರು. ಮೈಸೂರಿನ ಅರಮನೆಯಲ್ಲಿ ನಾನು ಯಾವ ರಾಜ, ಯಾವ ಸಭೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಕತ್ತೆತ್ತಿ ಒಂದನ್ನೂ ನೋಡಲಿಲ್ಲ. ಕಂಡ ಕಂಡ ಲೋಹದ ಬಾಗಿಲು, ಸರಳು, ಹಿಡಿಕೆಗೆಲ್ಲ ಗೆಣ್ಣಿನಿಂದ ಟಣ್ ಎಂದು ಹೊಡೆದು, ಕಿವಿ ಇಟ್ಟು ಕೇಳಿ, ಮುಂದಕ್ಕೆ ಹೋಗುತ್ತಿದ್ದರು.

ಕಾವಲಿನವನು ಪೀಪಿ ಊದಿಕೊಂಡು ಓಡಿ ಬಂದ. "ಮುಟ್ಬಾರ್ದು ಅಂತ ಬರೆದಿರೋದು ಕಾಣಲ್ವೇನ್ರೀ?"

"ಮುಟ್ನಿಲ್ಲ ಕಣಪ್ಪ, ಮಾತಾಡುಸ್ದೆ" ಎಂದರು ಇವರು. "ಬೆಸುಗೆ ಎಲ್ಲಾದ್ರೂ ಬುಟ್ಟದೆಯಾ ಅಂತ ಕೇಳ್ದೆ. ಒಂದೂ ಬುಟ್ಟಿಲ್ಲ. ಯಾರು ಮಾಡುದ್ನೋ, ಅವನ ಕೈಗೆ ಒಂದು ನಮಸ್ಕಾರ."

ಕಾವಲಿನವನು ಅವರನ್ನು ಮೇಲಿನಿಂದ ಕೆಳಗೆ ನೋಡಿದ. ಅತ್ತಿತ್ತ ನೋಡಿದ. ಎಲ್ಲರನ್ನೂ ಹೊರಗೆ ಹಾಕುತ್ತಾನೆ ಎಂದುಕೊಂಡೆ. ಅವನು ಕಂಬದ ಹಿಂದಕ್ಕೆ ಹೋಗಿ ತನ್ನ ಊಟದ ಕ್ಯಾರಿಯರ್ ತಂದು ಯಜಮಾನರ ಕೈಗಿಟ್ಟ.

"ಯಜಮಾನ್ರೇ, ಇದರ ಕೆಳಗಿನ ಡಬ್ಬಿ ದಿನಾ ಸಾರು ಸೋರುತ್ತೆ. ಒಸಿ ಮಾತಾಡಿಸ್ತೀರಾ?"

ಅವರೂ ಮೂರು ಗಂಟೆಗೆ ಹಾಲು ಕರೆಯುವ ಹೊತ್ತಾಯಿತೆಂದು ವಾಪಸ್ಸು ಹೊರಟರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕರೆಯುವ ಹಸುವೋ ಎಮ್ಮೆಯೋ ಇರುವುದರಿಂದ ಮೂರು ವರ್ಷವಾದರೂ ಒಂದೇ ಒಂದು ಟ್ರಿಪ್ಪು ಮೈಸೂರು ದಾಟಲಿಲ್ಲ. ಸಮುದ್ರ ಬೋರ್ಡಿನ ಮೇಲೇ ಇತ್ತು, ಬಿಸಿಲಿಗೆ ಅದರ ನೀಲಿಯೂ ಬೂದಿಯಾಗುತ್ತಾ ಬಂತು. ನಿಜ ಹೇಳಬೇಕೆಂದರೆ ನಾನೇ ಸಮುದ್ರ ನೋಡಿರಲಿಲ್ಲ. ಸಮುದ್ರ ನೋಡದ ಸಮುದ್ರದ ಗೈಡು ನಾನು. ಈ ಗುಟ್ಟು ನನ್ನನ್ನು ಬಿಟ್ಟರೆ ಡ್ರೈವರಿಗೆ ಮಾತ್ರ ಗೊತ್ತಿತ್ತು.

೩. ಹಾಲಿನ ಸಾಲಿನ ಮೊದಲನೇ ಜಾಗ

ಇನ್ನು ನಮ್ಮ ಮನೆಯ ಸಮುದ್ರದ ಕಥೆ. ನಮ್ಮತ್ತೆಗೆ ಒಬ್ಬ ಓರಗಿತ್ತಿ, ಅಂದರೆ ನಮ್ಮ ಮಾವನ ಅಣ್ಣನ ಹೆಂಡತಿ. ನಾವು ದೊಡ್ಡತ್ತೆ ಅನ್ನುತ್ತೇವೆ. ಮನೆ ಪಾಲಾಗಿ ನಡುವೆ ಒಂದು ಗೋಡೆ ಬಂದಿದೆ. ಆದರೆ ಗೋಡೆ ಕಿವಿಯ ಮಟ್ಟಕ್ಕಿಂತ ಮೇಲೆ ಎದ್ದಿಲ್ಲ. ಇಬ್ಬರೂ ಆ ಕಡೆ ಈ ಕಡೆ ನಿಂತು ದಿನಕ್ಕೆ ನಾಲ್ಕು ಸಲ ಮಾತಾಡುತ್ತಾರೆ, ಅದರಲ್ಲಿ ಎರಡು ಸಲ ಜಗಳ.

ದೊಡ್ಡತ್ತೆ ಒಮ್ಮೆ ಊರವರ ಜೊತೆ ಬಸ್ಸಿನಲ್ಲಿ ತೀರ್ಥಯಾತ್ರೆಗೆ ಹೋಗಿ ಸಮುದ್ರ ನೋಡಿ ಬಂದರು. ಬಂದವರು ಅಂದಿನಿಂದ ಹೇಳಿದ್ದು ಒಂದೇ. "ಸಮುದ್ರದ ನೀರು ಉಪ್ಪು ಅನ್ನೋದೆಲ್ಲ ಬುರುಡೆ ಕಣ್ರವ್ವ. ಬೆಳ್ಳಗೆ ಹಾಲಿದ್ದಂಗೆ ಇರ್ತದೆ. ರಂಗನಾಥಸ್ವಾಮಿ ಸುಮ್ಕೆ ಮನಗವ್ನಾ ಅದರ ಮ್ಯಾಲೆ? ಉಪ್ಪು ನೀರಾಗಿದ್ರೆ ಮೈ ಕಡಿಯಾಕಿಲ್ವಾ?"

ಶಾಲೆಯ ಹುಡುಗರು ಪುಸ್ತಕ ತಂದು ತೋರಿಸಿದರು. ದೊಡ್ಡತ್ತೆ ಕೇಳಿದ್ದು ಒಂದೇ ಮಾತು. "ಪುಸ್ತಕ ಬರ್ದೋನು ಓಗಿದ್ನಾ? ನಾನು ಓಗಿದ್ದೆ."

ಅದೇ ಬಸ್ಸಿನಲ್ಲಿ ಹೋಗಿದ್ದ ಒಬ್ಬಾಕೆ ನನ್ನ ಕಿವಿಯಲ್ಲಿ ಬೇರೆಯೇ ಹೇಳಿದಳು. ಸಮುದ್ರದ ಹತ್ತಿರ ಬಸ್ಸು ನಿಂತಾಗ ಎಲ್ಲರ ಬಟ್ಟೆ ಗಂಟು ಕಾಯಲು ದೊಡ್ಡತ್ತೆಯನ್ನೇ ಕೂರಿಸಿ ಹೋಗಿದ್ದರಂತೆ. ಆಕೆ ನೋಡಿದ್ದೆಲ್ಲ ಕಿಟಕಿಯಿಂದ, ಬೆಳ್ಳನೆಯ ನೊರೆಯ ಒಂದು ಗೆರೆ. ಆದರೆ ಇದನ್ನು ದೊಡ್ಡತ್ತೆಯ ಎದುರು ಹೇಳುವ ಧೈರ್ಯ ಊರಲ್ಲಿ ಯಾರಿಗಿದೆ?

ಯಾತ್ರೆಯ ಫಲ ದೊಡ್ಡತ್ತೆಗೆ ಸಿಕ್ಕಿದ್ದು ಡೈರಿಯಲ್ಲಿ. ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಆರಕ್ಕೆ ಹಾಲು ಹಾಕುವವರ ಸಾಲು ನಿಲ್ಲುತ್ತದೆ. ಮೊದಲು ಬಂದವರು ಮೊದಲು. ಆದರೆ 'ಸಮುದ್ರ ನೋಡಿ ಬಂದವರು' ಎಂದು ಯಾರೋ ಒಂದು ದಿನ ದಾರಿ ಬಿಟ್ಟರು. ಆವತ್ತಿನಿಂದ ದೊಡ್ಡತ್ತೆ ಯಾವಾಗ ಬಂದರೂ ಮೊದಲನೇ ಜಾಗ ಅವರದೇ ಆಯಿತು. ನಸುಕಿಗೇ ಬಂದು ನಿಲ್ಲುವ ನಮ್ಮತ್ತೆ ಎರಡನೆಯವರು. ವರ್ಷಗಟ್ಟಲೆ ಓರಗಿತ್ತಿಯ ಬೆನ್ನು ನೋಡಿಕೊಂಡು ನಿಲ್ಲುವುದು ಅಂದರೆ ಏನು ಅಂತ ನಿಂತವರಿಗೇ ಗೊತ್ತು.

ಒಂದು ದಿನ ನಮ್ಮತ್ತೆಯ ಸಹನೆ ಮುಗಿಯಿತು. ಸಾಲಿನಲ್ಲಿ ಎಲ್ಲರೆದುರೇ, "ಅಕ್ಕ, ನಾನೇ ಓಗಿ ಸಮುದ್ರ ತತ್ತೀನಿ. ಉಪ್ಪು ಅಂತ ಸಾಬೀತಾದ್ರೆ ಏನ್ ಮಾಡೀಯೆ?" ಅಂದರು.

"ಮೊದಲನೇ ಜಾಗ ನಿಂದೇ. ಆಗ್ನಿಲ್ಲ ಅಂದ್ರೆ?"

"ಸಾಯೋಗಂಟ ನಿನ್ನ ಬೆನ್ನು ನೋಡ್ತೀನಿ."

ಮನೆಗೆ ಬಂದು ಅತ್ತೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದರು. "ನೀನು ಗೈಡು. ಎಷ್ಟೋ ಸಲ ನೋಡಿದ್ದೀಯೆ. ಉಪ್ಪೇ ಅಲ್ವಾ?"

"ಉಪ್ಪೇ ಅತ್ತೆ" ಎಂದೆ ಧೈರ್ಯವಾಗಿ. ಆ ರಾತ್ರಿ ಮಗನ ವಿಜ್ಞಾನದ ಪುಸ್ತಕ ತೆಗೆದು ಇನ್ನೊಮ್ಮೆ ಓದಿ ಮಲಗಿದೆ.

೪. ನಮ್ದೇ ಗಾಡಿ

ಮುಂದಿನ ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಅತ್ತೆ, ನಾನು, ಡ್ರೈವರು, ಮೂರೇ ಜನ. ಅತ್ತೆಯ ಮಡಿಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದ ಒಂದು ದೊಡ್ಡ ಗಾಜಿನ ಬಾಟಲಿ. ನಮ್ಮ ಮಾವನವರು ಚಳಿಗಾಲದ ಕೆಮ್ಮಿಗೆಂದು ತರಿಸುತ್ತಿದ್ದ ಔಷಧಿಯದು. ಬಾಟಲಿ ಮೇಲೆ ಕುದುರೆಯ ಚಿತ್ರವಿತ್ತು ಅಂದರೆ ಅದು ಯಾವ ಅಂಗಡಿಯ ಔಷಧಿ ಅಂತ ಗೊತ್ತಾಗುತ್ತದೆ.

ಹಾಲು ಕರೆಯುವವರು ಯಾರು ಅಂತೀರಾ? ದೊಡ್ಡತ್ತೆಯೇ. ಹೊರಡುವಾಗ ಅತ್ತೆ ಗೋಡೆಯ ಮೇಲಿಂದ, "ಅಕ್ಕ, ಕೆಂದಿಗೆ ಹಿಂಡಿ ನೆನಾಕಿವ್ನಿ" ಅಂದರು. "ನೋಡ್ಕತೀನಿ ಓಗು, ಜ್ವಾಪಾನ" ಎಂದು ಆ ಕಡೆಯಿಂದ ಬಂತು. ಪಂದ್ಯ ಬೇರೆ, ಹಸು ಬೇರೆ.

ಶ್ರೀರಂಗಪಟ್ಟಣ ತಲುಪಿದ ಕೂಡಲೇ ಅತ್ತೆ, "ಅರಕೆರೆ ಕಡೀಕೆ ತಿರುಗ್ಸು ಮಗ" ಅಂದರು. ಅಲ್ಲಿಗೆ ಮಗಳನ್ನು ಕೊಟ್ಟಿದ್ದಾರೆ, ನನ್ನ ನಾದಿನಿ. ಇಷ್ಟು ಹತ್ತಿರ ಬಂದು ಹೋಗದಿದ್ದರೆ ಮಾತು ಬರುತ್ತದೆ.

ಡ್ರೈವರು ಹಣೆ ಚಚ್ಚಿಕೊಂಡ. "ಅವ್ವೋ, ಸಮುದ್ರ ಇರೋದು ಪಡುವಲಿಗೆ, ಅರಕೆರೆ ಇರೋದು ಮೂಡಲಿಗೆ!"

"ನಮ್ದೇ ಗಾಡಿ ಅಲ್ವೇನ್ಲಾ? ಸಮುದ್ರ ಎಲ್ಲಿಗೂ ಓಗಾಕಿಲ್ಲ. ಅಳೀಮಯ್ಯ ಏಳು ಗಂಟೆಗೆ ಗದ್ದೆಗೆ ಓಗ್ಬುಡ್ತಾನೆ."

ಪ್ರೈವೇಟ್ ಟ್ರಿಪ್ಪು ಅಂದರೆ ಏನು ಅಂತ ಆಗ ನನಗೆ ಪೂರ್ತಿ ಅರ್ಥವಾಯಿತು. ಬಸ್ಸಾದರೆ ನೆಂಟರ ಊರು ದಾಟಿ ಹೋಗಿದ್ದಕ್ಕೆ ಡ್ರೈವರನ್ನು ಬೈದು ತಪ್ಪಿಸಿಕೊಳ್ಳಬಹುದು. ಸ್ವಂತ ಗಾಡಿಗೆ ಆ ಸೌಕರ್ಯವಿಲ್ಲ. ನಾದಿನಿ ಬಿಸಿ ರೊಟ್ಟಿ ತಟ್ಟಿ, ಅವರೆಕಾಳಿನ ಪಲ್ಯ ಮಾಡಿ, ಬೇಡ ಬೇಡ ಅಂದರೂ ಒಂದು ಮೂಟೆ ಅವರೆಕಾಯಿಯನ್ನು ವ್ಯಾನಿಗೆ ಹಾಕಿಸಿ ಕಳಿಸುವಾಗ ಒಂಬತ್ತು ದಾಟಿತ್ತು.

ಅಲ್ಲಿಂದ ಬೇಸಿಗೆ ಅರಮನೆ, ದರಿಯಾ ದೌಲತ್. ಗೋಡೆಯ ಮೇಲೆ ಯುದ್ಧದ ದೊಡ್ಡ ಚಿತ್ರ, ಆನೆ, ಕುದುರೆ, ಸಾಲು ಸಾಲು ಸಿಪಾಯಿಗಳು. ಯಾರು ಯಾರ ಮೇಲೆ ಯಾಕೆ ಹೋದರು ಅಂತ ನಾನು ವಿವರಿಸಿದೆ. ಅತ್ತೆ ಮೂಗಿಗೆ ತಾಗುವಷ್ಟು ಹತ್ತಿರ ಹೋಗಿ ಆ ತುದಿಯಿಂದ ಈ ತುದಿಗೆ ನೋಡಿ, "ಇಷ್ಟು ಜನಕ್ಕೂ ಮುದ್ದೆ ತಿರುವ್ದೋರು ಯಾರವ್ವ?" ಎಂದರು.

ಐದು ವರ್ಷ ಇತಿಹಾಸ ಓದಿದ್ದೆ. ಯಾವ ಪರೀಕ್ಷೆಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. "ಅಡುಗೆಯವರು ಇರುತ್ತಿದ್ದರು ಅತ್ತೆ."

"ಬರ್ದಿಲ್ವಲ್ಲ? ಒಲೆನೂ ಇಲ್ಲ, ಸೌದೆ ಗಾಡಿನೂ ಇಲ್ಲ. ಕುದುರೆಗೆ ಹುಲ್ಲಿಲ್ಲ."

ಅಲ್ಲಿದ್ದ ಕಾವಲುಗಾರನನ್ನು ಕೇಳಿದೆವು. ಅವನಿಗೂ ಕುತೂಹಲ ಹುಟ್ಟಿ ನಮ್ಮ ಜೊತೆಯೇ ಹುಡುಕತೊಡಗಿದ. ಹತ್ತು ನಿಮಿಷ ಡ್ರೈವರೂ ಸೇರಿ ನಾಲ್ವರು ಗೋಡೆಗೆ ಮೂಗು ಹಚ್ಚಿ ಒಲೆ ಹುಡುಕಿದೆವು. ಸಿಗಲಿಲ್ಲ. ಅತ್ತೆ ತೀರ್ಪು ಕೊಟ್ಟರು. "ಗೆದ್ದೋರು ಸೋತೋರು ಎಲ್ಲ ಉಪಾಸವಾಗೇ ವಡದಾಡವ್ರೆ. ಅದ್ಕೇ ಇಷ್ಟು ಸಿಟ್ಟು."

ಮೈಸೂರಿನ ಅರಮನೆಯಲ್ಲಿ ಅತ್ತೆ ಸಿಂಹಾಸನ ಯಾವುದು, ದರ್ಬಾರು ಎಲ್ಲಿ ಅಂತ ಕೇಳಲೇ ಇಲ್ಲ. ಕಸ ಗುಡಿಸುವ ಹೆಂಗಸೊಬ್ಬಳನ್ನು ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದರು. ಕಂಬ ಎಷ್ಟು, ಒಂದೊಂದನ್ನು ಒರೆಸಲು ಎಷ್ಟು ಹೊತ್ತು, ಮೇಲಿನ ದೀಪದ ಗೊಂಚಲಿನ ಧೂಳು ಹೊಡೆಯುವುದು ಹೆಂಗೆ. ಹೊರಗೆ ಬಂದು ನಿಟ್ಟುಸಿರು ಬಿಟ್ಟರು.

"ನಮ್ದು ಎಲ್ಡಂಕಣದ ಮನೆನೇ ಸಾಕು ಕಣವ್ವ. ಇದನ್ನ ಯಾರಾದ್ರೂ ಸುಮ್ಕೆ ಕೊಟ್ರೂ ನಾನು ಒಲ್ಲೆ."

೫. ನೀರುಗಂಟಿ

ಮೂರು ಗಂಟೆ ಹೊತ್ತಿಗೆ ವ್ಯಾನು ವಿರಾಜಪೇಟೆ ದಾಟಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಹಾಲು ಕರೆಯುವ ಹೊತ್ತು ನಮ್ಮನ್ನು ಹಿಂದಕ್ಕೆ ಎಳೆಯಲಿಲ್ಲ. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಘಾಟಿಯ ಒಂದೊಂದು ತಿರುವಿಗೂ ಒಂದು ಹಿಡಿ ಸಿಪ್ಪೆ ನನ್ನ ತಲೆಯ ಮೇಲೆ ಬೀಳುತ್ತಿತ್ತು.

ಕಣ್ಣೂರಿನ ಹತ್ತಿರ ತೆಂಗಿನ ತೋಟದ ನಡುವೆ ವ್ಯಾನು ನಿಂತಾಗ ಸೂರ್ಯ ಇಳಿಯುತ್ತಿದ್ದ. ಮರಳು ದಾಟಿ ಹೋದೆವು. ಮುಂದೆ ನೀರು, ಅದರ ಮುಂದೆ ನೀರು, ಅದಕ್ಕೂ ಮುಂದೆ ಆಕಾಶ. ಗೈಡಾಗಿ ನಾನು ಏನಾದರೂ ಹೇಳಬೇಕಿತ್ತು. ತೆರೆದ ಬಾಯಿ ತೆರೆದೇ ಉಳಿಯಿತು. ಡ್ರೈವರು ನನ್ನ ಮುಖ ನೋಡಿ ಮೆಲ್ಲಗೆ, "ಮೇಡಮ್ನೋರೆ, ಬಾಯಿ ಮುಚ್ಕಳಿ, ಮೊದಲ್ನೇ ಸಲ ಅಂತ ಗೊತ್ತಾಗೋಯ್ತದೆ" ಅಂದ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹುಟ್ಟಿದಾಗಿನಿಂದ ನಾಲೆ ನೀರಿನಲ್ಲಿ ಭತ್ತ ಬೆಳೆದ ಜೀವ. ಕೊನೆಗೆ ಕೇಳಿದರು.

"ಇದರ ತೂಬೆಲ್ಲೈತೆ?"

"ತೂಬಿಲ್ಲ ಅವ್ವ" ಎಂದ ಡ್ರೈವರು.

"ನಾಲೆ?"

"ನಾಲೆನೂ ಇಲ್ಲ."

"ಇಷ್ಟು ನೀರು ಮಡೀಕಂಡು ಒಂದು ಬೆಳೆನೂ ತೆಗ್ಯಾಕಿಲ್ವಾ? ಏನು ಜನಗಳಪ್ಪ!"

ಅಷ್ಟರಲ್ಲಿ ಒಂದು ಅಲೆ ಕಾಲಿನ ತನಕ ಬಂದು ಹಿಂದಕ್ಕೆ ಸರಿಯಿತು. ಇನ್ನೊಂದು ಬಂತು, ಅದೂ ಸರಿಯಿತು. ನಮ್ಮೂರಲ್ಲಿ ನಾಲೆಯ ನೀರು ಹಂಚುವುದಕ್ಕೆ ಒಬ್ಬ ನೀರುಗಂಟಿ ಇದ್ದಾನೆ. ಈಗ ಬಿಡುತ್ತೇನೆ, ಆಗ ಬಿಡುತ್ತೇನೆ ಎಂದು ಎಲ್ಲರನ್ನೂ ಕಾಯಿಸುವುದರಲ್ಲಿ ಹೆಸರುವಾಸಿ. ಅತ್ತೆ ನಾಲ್ಕನೇ ಅಲೆಯನ್ನೂ ನೋಡಿ ತಲೆಯಾಡಿಸಿದರು.

"ಥೇಟು ನಮ್ಮ ನೀರುಗಂಟಿನೇ ಕಣವ್ವ. ತೋರುಸ್ತಾನೆ, ಕೊಡಾಕಿಲ್ಲ."

ಆಮೇಲೆ ಬಗ್ಗಿ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಉಗಿದರು. ಅನುಮಾನ ಉಳಿಯಬಾರದೆಂದು ಹತ್ತು ಹೆಜ್ಜೆ ಆ ಕಡೆ ಹೋಗಿ ಅಲ್ಲೂ ರುಚಿ ನೋಡಿದರು. ಮತ್ತೆ ಈ ಕಡೆ. "ಉಪ್ಪು! ಎಲ್ಲಾ ಕಡೆನೂ ಉಪ್ಪು! ಗೆದ್ದೆ ಕಣವ್ವಾ!" ಎಂದು ಕೂಗಿದರು. ಬಾಟಲಿ ಕುತ್ತಿಗೆಯ ತನಕ ತುಂಬಿ, ಸೆರಗಿನ ತುದಿ ಹರಿದು ಮುಚ್ಚಳದ ಮೇಲೆ ಬಿಗಿದು ಕಟ್ಟಿದರು.

ವ್ಯಾನು ಹತ್ತುವ ಮುನ್ನ ಒಮ್ಮೆ ತಿರುಗಿ ನೋಡಿದರು. ಅಷ್ಟು ದೂರದಿಂದ ನೊರೆಯ ಗೆರೆ ಮಾತ್ರ ಕಾಣುತ್ತಿತ್ತು.

"ಇಲ್ಲಿಂದ ನೋಡುದ್ರೆ ಹಾಲಿದ್ದಂಗೇ ಕಾಣ್ತದಪ್ಪ" ಎಂದರು, ತಮಗೆ ತಾವೇ.

೬. ಕುದುರೆ ಚಿತ್ರದ ಬಾಟಲಿ

ವಾಪಸ್ಸು ಬರುವಾಗ ಗಡಿಯ ಚೆಕ್‌ಪೋಸ್ಟಿನಲ್ಲಿ ವ್ಯಾನು ನಿಲ್ಲಿಸಿದರು. ಸಾಹೇಬರು ಟಾರ್ಚು ಬಿಟ್ಟು ಒಳಗೆ ನೋಡಿದರು. ಒಂದು ಮೂಟೆ ಅವರೆಕಾಯಿ, ಒಬ್ಬ ಮೇಷ್ಟ್ರಮ್ಮ, ಮಡಿಲಲ್ಲಿ ಕುದುರೆ ಚಿತ್ರದ ಬಾಟಲಿಯನ್ನು ಮಗುವಿನಂತೆ ಅಪ್ಪಿಕೊಂಡ ಒಬ್ಬ ಅಜ್ಜಿ.

"ಏನಜ್ಜಿ ಅದು?"

"ಸಮುದ್ರ."

"ತಮಾಷೆ ಮಾಡ್ಬೇಡಿ. ಎಲ್ಲಿಂದ ತಗೊಂಡ್ರಿ?"

"ಸಮುದ್ರದಿಂದ್ಲೇ ಕಣಪ್ಪ. ಬ್ಯಾರೆ ಎಲ್ಲಿ ಕೊಡ್ತಾರೆ?"

ಸಾಹೇಬರು ಬಾಟಲಿ ಬಿಚ್ಚಿಸಿ ಮೂಸಿದರು. ಏನೂ ವಾಸನೆ ಬರಲಿಲ್ಲ. ಇದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಅಂಗೈಗೆ ಸುರಿದುಕೊಂಡು ನೆಕ್ಕಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಥೂ! ಉಪ್ಪು!"

ಅತ್ತೆ ತಟಕ್ಕನೆ ವ್ಯಾನಿನಿಂದ ಇಳಿದರು. ಮುಖ ಬೆಳಗಿತ್ತು. "ಅಂಗನ್ನು ನನ್ನಪ್ಪಾ! ಸರ್ಕಾರದೋನ ಬಾಯಲ್ಲೇ ಬಂತಲ್ಲ! ಇದನ್ನ ಒಂದು ಕಾಗದದಲ್ಲಿ ಬರ್ದು ಸೀಲ್ ವತ್ಕೊಡಪ್ಪ. 'ಸಮುದ್ರದ ನೀರು ಉಪ್ಪು, ನಾನೇ ನೆಕ್ಕಿ ನೋಡಿವ್ನಿ' ಅಂತ."

"ಅಂಥದ್ದಕ್ಕೆಲ್ಲ ಸೀಲ್ ಇಲ್ಲ ಅಜ್ಜಿ. ನಡೀರಿ, ನಡೀರಿ."

"ಅಂಗಾದ್ರೆ ನೀನೇ ನಮ್ಮೂರಿಗೆ ಬಾ. ನಮ್ಮಕ್ಕನ ತಾವ ಒಂದ್ಮಾತು ಹೇಳ್ಬುಟ್ಟು ಬಂದ್ಬುಡೀವಂತೆ. ನಮ್ದೇ ಗಾಡಿ."

ಅಷ್ಟು ಬೇಗ ಅಡ್ಡಗಂಬ ಎತ್ತಿದ್ದನ್ನು ತನ್ನ ಇಡೀ ಸರ್ವಿಸಿನಲ್ಲಿ ನೋಡಿರಲಿಲ್ಲ ಎಂದು ಡ್ರೈವರು ಈಗಲೂ ಹೇಳುತ್ತಾನೆ.

೭. ಪಾಸು

ದಾರಿಯಲ್ಲಿ ಗಾಡಿ ನಿಲ್ಲಿಸಿ ಡ್ರೈವರು ಒಂದು ನಿದ್ದೆ ತೆಗೆದು, ಊರು ಮುಟ್ಟಿದಾಗ ಕೋಳಿ ಕೂಗಿ ಆಗಿತ್ತು. ಅತ್ತೆ ಮನೆಗೆ ಹೋಗಲಿಲ್ಲ. ವ್ಯಾನನ್ನು ನೇರವಾಗಿ ಡೈರಿ ಮುಂದೆ ನಿಲ್ಲಿಸಲು ಹೇಳಿದರು. ಸಾಲು ಆಗಲೇ ನಿಂತಿತ್ತು. ಮೊದಲನೇ ಜಾಗದಲ್ಲಿ ದೊಡ್ಡತ್ತೆ, ಎರಡು ಕ್ಯಾನು ಇಟ್ಟುಕೊಂಡು. ಒಂದು ಅವರದು, ಇನ್ನೊಂದು ನಮ್ಮ ಕೆಂದಿಯ ಹಾಲು.

ಅತ್ತೆ ಬಾಟಲಿಯನ್ನು ಕಟ್ಟೆಯ ಮೇಲೆ ಟಕ್ ಎಂದು ಇಟ್ಟರು. "ತಗೋ ಅಕ್ಕ. ಸಮುದ್ರ."

ದೊಡ್ಡತ್ತೆ ಬಾಟಲಿಯನ್ನು ದೂರದಿಂದಲೇ ನೋಡಿದರು. "ಇದಾ? ನೀನೇ ದಾರೀಲಿ ಒಂ ಹಿಡಿ ಉಪ್ಪಾಕಿ ಕಲ್ಸಿದ್ರೆ ಯಾರ್ ಕಂಡವ್ರೆ? ನಿನ್ನ ಸೊಸೆ ನಿನ್ನ ಕಡೆನೇ, ಡ್ರೈವರು ನಿನ್ನ ಕಡೆನೇ."

ಸೀಲ್ ಹಾಕಿಕೊಡದ ಸಾಹೇಬರನ್ನು ಅತ್ತೆ ಮನಸ್ಸಿನಲ್ಲೇ ಬೈದಿರಬೇಕು.

ಆಗ ಡೈರಿಯ ಸೆಕ್ರೆಟರಿ ನ್ಯಾಯಕ್ಕೆ ಬಂದ. "ಯಾಕ್ರವ್ವ ಕಿತ್ತಾಡೀರಿ? ಮನುಷ್ಯರು ಸುಳ್ಳೇಳ್ಬೋದು, ಮೀಟ್ರು ಸುಳ್ಳೇಳ್ತದಾ? ಹಾಕಿ ನೋಡ್ಬುಡಾನ."

ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡಲು ಡೈರಿಯಲ್ಲಿ ಒಂದು ಗಾಜಿನ ಕಡ್ಡಿ ಇರುತ್ತದೆ, ಲ್ಯಾಕ್ಟೋಮೀಟರ್. ಗಟ್ಟಿ ಹಾಲಾದರೆ ಮೇಲೆ ತೇಲುತ್ತದೆ, ನೀರು ಹಾಲಾದರೆ ಮುಳುಗುತ್ತದೆ. ಅದು ತೋರಿಸುವ ಡಿಗ್ರಿಗೆ ನಮ್ಮೂರಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಬಾಟಲಿಯ ನೀರನ್ನು ಉದ್ದನೆಯ ಪಾತ್ರೆಗೆ ಸುರಿದು ಕಡ್ಡಿ ಬಿಟ್ಟ. ಬರೀ ನೀರಾದರೆ ತಳ ಸೇರಬೇಕಾಗಿದ್ದ ಕಡ್ಡಿ ಜುಮ್ಮೆಂದು ಮೇಲೆದ್ದು ನಿಂತಿತು. ಸೆಕ್ರೆಟರಿ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಇಪ್ಪತ್ತೈದು!"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ದೊಡ್ಡವ್ವಾ, ನಿನ್ನೆ ಸಂಜೆ ನಿಮ್ಮ ಹಾಲೇ ಇಪ್ಪತ್ನಾಲ್ಕು ಇತ್ತು. ನಿಮ್ಮ ಹಾಲಿಗಿಂತ ಸಮುದ್ರನೇ ಗಟ್ಟಿ!"

ಎಲ್ಲರೂ ಹೋ ಎಂದು ನಕ್ಕರು. ಉಪ್ಪು ಕರಗಿದ ನೀರು ಭಾರವಾಗುತ್ತದೆ, ಅದಕ್ಕೆ ಕಡ್ಡಿ ತೇಲುತ್ತದೆ ಎಂದು ನಾನು ವಿಜ್ಞಾನ ಹೇಳಲು ಬಾಯಿ ತೆರೆದೆ. ಆದರೆ ದೊಡ್ಡತ್ತೆ ನನಗಿಂತ ಚುರುಕು.

"ನಗ್ರವ್ವ, ನಗ್ರಿ. ನಾನು ಇಷ್ಟು ವರ್ಸದಿಂದ ಹೇಳಿದ್ದೇನು? ಹಾಲಿದ್ದಂಗೆ ಐತೆ ಅಂತ ತಾನೆ? ಈಗ ಮೀಟ್ರೇ ಹೇಳ್ತಲ್ಲ! ಇನ್ನೇನು ಸಾಬೀತಾಗ್ಬೇಕು?"

ನಗು ನಿಂತುಹೋಯಿತು. ಸೆಕ್ರೆಟರಿ ತಲೆ ಕೆರೆದುಕೊಂಡ. ಮೀಟ್ರು ಸುಳ್ಳು ಹೇಳುವುದಿಲ್ಲ ಅಂದವನು ಅವನೇ. ನಾನು ಮೂಲೆಯಿಂದ, "ಅದು ಹಾಗಲ್ಲ, ಸಾಂದ್ರತೆ ಅಂತ..." ಎಂದೆ. ಯಾರೂ ತಿರುಗಿ ನೋಡಲಿಲ್ಲ. ಎರಡು ಅರಮನೆ, ಒಂದು ಘಾಟಿ, ಒಂದು ಚೆಕ್‌ಪೋಸ್ಟು ದಾಟಿ ಗೆದ್ದು ಬಂದ ಅತ್ತೆ ಒಂದು ಗಾಜಿನ ಕಡ್ಡಿಯಿಂದ ಸೋಲುತ್ತಿದ್ದರು.

ಅತ್ತೆ ಕಟ್ಟೆಯ ಮೇಲಿದ್ದ ಸೆಕ್ರೆಟರಿಯ ಕಾಫಿ ಲೋಟವನ್ನು ತೊಳೆದು, ಪಾತ್ರೆಯ ನೀರನ್ನು ಅದರ ತುಂಬ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಬಹಳ ಮರ್ಯಾದೆಯಿಂದ ಮುಂದೆ ಚಾಚಿದರು.

"ನಿನ್ನ ಮಾತೇ ಸರಿ ಅಕ್ಕ. ಹಾಲು. ಕುಡಿ."

ದೊಡ್ಡತ್ತೆ ಲೋಟ ನೋಡಿದರು. ಅತ್ತೆಯನ್ನು ನೋಡಿದರು. ತಮ್ಮ ಹಿಂದೆ ನಿಂತಿದ್ದ ಇಪ್ಪತ್ತು ಮೂವತ್ತು ಜನರನ್ನು ನೋಡಿದರು. ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದು ದೊಡ್ಡ ಗುಟುಕು ಕುಡಿದರು.

ಕತ್ತಿನ ನರ ಎದ್ದವು. ಕಣ್ಣಲ್ಲಿ ನೀರು ಬಂತು. ಕಿವಿಯ ಓಲೆ ಅದುರಿದವು. ಆದರೆ ಒಂದು ಹನಿಯೂ ಹೊರಗೆ ಬರಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಂಡು ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಹಾಲೇ. ಸಕ್ರೆ ಒಂಚೂರು ಕಮ್ಮಿ ಆಗೈತೆ, ಅಷ್ಟೆ."

ನಮ್ಮತ್ತೆ ಅವರನ್ನೇ ನೋಡುತ್ತಾ ನಿಂತರು. ಆಮೇಲೆ ಬಗ್ಗಿ ಕೆಂದಿಯ ಕ್ಯಾನನ್ನು ಎತ್ತಿಕೊಂಡು, ಹೋಗಿ ಓರಗಿತ್ತಿಯ ಬೆನ್ನ ಹಿಂದೆ ನಿಂತುಕೊಂಡರು.